ಕಣದಲ್ಲಿ ಕೂರಿಸಿದ ಹಾಲೆಂಡಿನ ಅಡುಗೆಮನೆ

ಅಡುಗೆಮನೆ ಕೂರಿಸುವ ಕೆಲಸಕ್ಕೆ ಕೈ ಹಾಕಿದವನು ನಗೋದಕ್ಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಗಳೇ ಮನೆ ಬಾಗಿಲಿಗೆ ತಂದುಕೊಡ್ತಾರೆ. ಮೂಡಿಗೆರೆಯಲ್ಲಿ ನನ್ನದೊಂದು ಪ್ಲೈವುಡ್ ಅಂಗಡಿ. ಪ್ಲೈವುಡ್ ಮಾರೋದರ ಜೊತೆಗೆ ಸುತ್ತಮುತ್ತಲ ಎಸ್ಟೇಟ್ ಮನೆಗಳಿಗೆ ಅಡುಗೆಮನೆ ಮಾಡಿಸಿಕೊಡ್ತೀನಿ. ಹದಿನೆಂಟು ವರ್ಷ ಆಯ್ತು. ಹೊಗೆ ಎಳೆಯೋ ಚಿಮಣಿ ಹಾಕಿಸಿಕೊಂಡು, ಅದಕ್ಕೆ ಕೆಲಸ ಸಾಲದು ಅಂತ ಅದರ ಕೆಳಗೆ ಸೌದೆ ಒಲೆ ತಂದಿಟ್ಟವರನ್ನು ನೋಡಿದ್ದೀನಿ. ಹೊಸ ಕಟ್ಟೆಗೆ ಗೀರು ಬೀಳುತ್ತೆ ಅಂತ ಹಿಂದಿನ ಜಗಲಿಯಲ್ಲೇ ತರಕಾರಿ ಹೆಚ್ಚೋರನ್ನೂ ನೋಡಿದ್ದೀನಿ. ನಿಮಗೆ ಸಿಟ್ಟು ಜಾಸ್ತಿ ಅಂತ ನನ್ನ ಹೆಂಡತಿ ಹೇಳ್ತಾಳೆ. ಹದಿನೆಂಟು ವರ್ಷ ಈ ಕೆಲಸ ಮಾಡಿಯೂ ಸಿಟ್ಟು ಬರದೇ ಇದ್ದರೆ ಅಂಥವನನ್ನು ಡಾಕ್ಟರಿಗೆ ತೋರಿಸಬೇಕು.

ಇಷ್ಟು ವರ್ಷದಲ್ಲಿ ನಾನು ಮಾಡಿಸಿದ ಅಡುಗೆಮನೆಗಳಲ್ಲಿ ಸಮುದ್ರ ದಾಟಿದ್ದು ಒಂದೇ ಒಂದು. ಅದರ ಕತೆ ಕೇಳಿ.

ಎದೆಮಟ್ಟದ ಕಟ್ಟೆ

ಜಾವಳಿ ಕಡೆಯ ಎಸ್ಟೇಟಿನ ಅಮ್ಮಾವ್ರು ಒಬ್ಬರು ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಜೀಪಲ್ಲಿ ಬಂದು ನನ್ನ ಅಂಗಡಿ ಮುಂದೆ ಇಳಿದರು. ವಯಸ್ಸು ಅರವತ್ತೆಂಟು. ಎತ್ತರ ನಾಲ್ಕಡಿ ಎಂಟಿಂಚು. ಧ್ವನಿ ಮಾತ್ರ ಆರಡಿ. ಮನೇಲಿ ಮಗ, ಸೊಸೆ, ಮೊಮ್ಮಕ್ಕಳು, ಬಂದು ಹೋಗೋರು ಅಂತ ದಿನಾ ಹದಿನೈದು ಎಲೆ ಬೀಳುತ್ತೆ. ಅಷ್ಟೂ ಜನಕ್ಕೆ ಈಗಲೂ ಒಗ್ಗರಣೆ ಹಾಕೋದು ಇವರೇ. ಮಗಳು ಹೂವಿನ ಬೇಸಾಯ ಕಲಿಯೋಕೆ ಅಂತ ಹಾಲೆಂಡಿಗೆ ಹೋದವಳು, ಅಲ್ಲಿ ಗಾಜಿನ ಮನೆಯಲ್ಲಿ ಆಂಥೂರಿಯಂ ಬೆಳೆಯೋ ಒಬ್ಬರನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತಿದ್ದಳು.

"ಒಂದು ಅಡುಗೆಮನೆ ಆಗ್ಬೇಕಿತ್ತಲ್ಲ," ಅಂದರು.

"ಆಗ್ಲಿ ಅಮ್ಮ. ಎಸ್ಟೇಟ್ ಮನೆಗಾ, ಆಳುಗಳ ಲೈನ್ ಮನೆಗಾ?"

"ಹಾಲೆಂಡಿಗೆ."

ನಾನು ಎದ್ದು ಕುರ್ಚಿ ಒರೆಸಿ ಕೂರಿಸಿದೆ.

ಹಿಂದಿನ ವರ್ಷ ಅವರು ಮೂರು ತಿಂಗಳು ಇರೋದು ಅಂತ ಮಗಳ ಮನೆಗೆ ಹೋಗಿ, ಒಂದೇ ತಿಂಗಳಿಗೆ ವಾಪಸ್ ಬಂದಿದ್ದರು. ಅದು ನನಗೂ ಗೊತ್ತಿತ್ತು. ಚಳಿ ತಡೀಲಿಲ್ಲ ಅಂತ ಊರೆಲ್ಲ ಹೇಳ್ತಿತ್ತು. ನಿಜವಾದ ಕಾರಣ ಅವತ್ತು ಗೊತ್ತಾಯ್ತು.

"ಅಲ್ಲಿಯೋರೆಲ್ಲ ಸಿಲ್ವರ್ ಓಕ್ ಮರದ ಹಾಗೆ ಬೆಳೆದಿದ್ದಾರೆ ಮಾರಾಯ. ಅಡುಗೆ ಕಟ್ಟೆ ನನ್ನ ಎದೆಗೆ ಬರ್ತದೆ. ಒಗ್ಗರಣೆ ಹಾಕಿದ್ರೆ ಸಾಸಿವೆ ಸೀದಾ ಕಣ್ಣಿಗೆ. ಅಳಿಯಂದಿರು ಪಾಪ, ಸ್ಟೂಲ್ ತಂದುಕೊಟ್ರು. ಹತ್ತಿ ಸಾರು ಕದಡೋದು, ಇಳಿದು ಉಪ್ಪು ತರೋದು, ಮತ್ತೆ ಹತ್ತೋದು. ಏಣಿ ಹಾಕಿ ಕಾಳುಮೆಣಸು ಕುಯ್ದ ಹಾಗಾಯ್ತು. ಒಂದು ದಿನ ಸ್ಟೂಲಿಂದ ಜಾರಿದೆ. ಅವತ್ತಿಂದ ಮಗಳು ಅಡುಗೆಮನೆಗೇ ಬಿಡ್ಲಿಲ್ಲ. ಹೊರಡೋವರೆಗೂ ನೆಂಟರ ಹಾಗೆ ಸೋಫಾದಲ್ಲಿ ಕೂತಿದ್ದೆ."

ಇಷ್ಟು ಹೇಳಿ ಅವರು ಗೋಡೆಯ ಕ್ಯಾಲೆಂಡರ್ ನೋಡ್ತಾ ಕೂತರು. ನಾನೂ ನೋಡಿದೆ. ಅದು ಹಿಂದಿನ ತಿಂಗಳಿನದಾಗಿತ್ತು.

"ಈಗ ಮಗಳಿಗೆ ಸೆಪ್ಟೆಂಬರಿಗೆ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ಬಾ ಅಂತಾಳೆ. ಬಾಣಂತನಕ್ಕೆ ಹೋದವಳು ಬಾಣಂತಿ ಕೈಲೇ ಕಾಫಿ ಮಾಡಿಸ್ಕೊಂಡು ಕುಡೀಲಾ? ನನ್ನ ಕೈಗೆ ಎಟುಕೋ ಒಲೆ ಇದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ. ಅಷ್ಟೇ."

"ಅಲ್ಲೇ ಒಂದು ಗಿಡ್ಡ ಕಟ್ಟೆ ಮಾಡಿಸಬಹುದಿತ್ತಲ್ಲ ಅಮ್ಮ?"

"ಮಗಳು ಅಂಗಡಿಗೆ ಹೋಗಿ ಕೇಳಿದ್ಲು. ಅಮ್ಮ ಇಷ್ಟೆತ್ತರ ಇದ್ದಾರೆ ಅಂತ ಕೈಯಲ್ಲಿ ತೋರಿಸಿದ್ಲಂತೆ. ಅವರು ಬಹಳ ಮರ್ಯಾದೆಯಿಂದ, ಮಕ್ಕಳ ಆಟದ ಸಾಮಾನು ಮುಂದಿನ ಬೀದೀಲಿ ಸಿಗುತ್ತೆ ಅಂದ್ರಂತೆ."

ಪ್ಲೈವುಡ್ ಸಾಂಬಾರು

ಒಪ್ಪಿಕೊಂಡೆ. ಅಳತೆ ತಗೊಳ್ಳೋಣ ಅಂತ ಟೇಪು ಬಿಚ್ಚಿದೆ.

"ಟೇಪಲ್ಲಿ ಎಂಥ ಗೊತ್ತಾಗ್ತದೆ? ನಾನು ಸೌಟು ಆಡಿಸಿ ನೋಡ್ಬೇಕು," ಅಂದರು ಅಮ್ಮಾವ್ರು.

ಅಂಗಡಿಯಲ್ಲಿ ಕಟ್ಟೆ ಎಲ್ಲಿಂದ ತರೋದು? ಮೂಲೆಯಲ್ಲಿ ಪ್ಲೈವುಡ್ ಶೀಟುಗಳ ರಾಶಿ ಇತ್ತು. ಅದರ ಮೇಲೆ ಪೇಂಟಿನ ಖಾಲಿ ಡಬ್ಬ ಇಟ್ಟೆ. ಕೈಗೆ ಸೌಟಿನ ಬದಲು ಅಡಿಕೋಲು ಕೊಟ್ಟೆ. ಅಮ್ಮಾವ್ರು ಸೆರಗು ಸಿಕ್ಕಿಸಿಕೊಂಡು ಡಬ್ಬದೊಳಗೆ ಅಡಿಕೋಲು ತಿರುಗಿಸಿದರು.

"ಜಾಸ್ತಿ ಆಯ್ತು. ಎರಡು ಶೀಟ್ ತೆಗಿ."

ತೆಗೆದೆ.

"ಈಗ ಬೆನ್ನು ಬಗ್ತದೆ. ಒಂದು ಹಾಕು."

ಹಾಕಿದೆ.

"ದಪ್ಪದ್ದಲ್ಲ, ತೆಳ್ಳಂದು."

ದೊಡ್ಡ ಶೀಟು ಎತ್ತಿ ಇಳಿಸೋದು ಅಂದರೆ ಸುಮ್ಮನೆ ಆಯ್ತಾ? ಅರ್ಧ ಗಂಟೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅವರು ಮಾತ್ರ ತಲ್ಲೀನರಾಗಿ ಖಾಲಿ ಡಬ್ಬಕ್ಕೆ ಉಪ್ಪು ಹಾಕಿದರು, ಹುಳಿ ಹಿಂಡಿದರು, ಒಂದು ಸಲ ಅಂಗೈ ಮೇಲೆ ಬಿಟ್ಟುಕೊಂಡು ರುಚಿಯನ್ನೂ ನೋಡಿದರು. ಮೊಳೆ, ಬಿಜಾಗರಿ ತಗೊಳ್ಳೋಕೆ ಬಂದ ನಾಲ್ಕು ಜನ ಗಿರಾಕಿಗಳು ತಮ್ಮ ಕೆಲಸ ಮರೆತು ಸುತ್ತ ನಿಂತುಬಿಟ್ಟರು.

ಕೊನೆಗೆ, "ಹಾಂ, ಇದೇ," ಅಂದರು. ಅಳೆದೆ. ಸರಿಯಾಗಿ ಮೂವತ್ತಿಂಚು.

ನಾನು ಬೆವರು ಒರೆಸಿಕೊಳ್ತಾ ಬರೆದುಕೊಳ್ಳುವಾಗ ಗಿರಾಕಿಗಳಲ್ಲಿ ಒಬ್ಬರು ಮುಂದೆ ಬಂದು ಡಬ್ಬದೊಳಗೆ ಬಗ್ಗಿ ನೋಡಿ ಕೇಳಿದರು: "ಅಮ್ಮ, ಖಾರ ಕಮ್ಮಿ ಆಯ್ತೇನೋ ಅಲ್ವಾ?"

ತಲೆ ಕಾಣದ ಅಳಿಯ

ಮಗಳ ಜೊತೆ ಮಾತೆಲ್ಲ ವಿಡಿಯೋ ಕರೆಯಲ್ಲಿ. ಅಮ್ಮಾವ್ರು ಅಂಗಡಿಗೆ ಬರೋದು, ಫೋನನ್ನು ಫೆವಿಕಾಲ್ ಡಬ್ಬಕ್ಕೆ ಒರಗಿಸಿ ಇಡೋದು, ಮಗಳು ಆ ಕಡೆಯಿಂದ ಅಳತೆ ಹೇಳೋದು. ಗೋಡೆ ಹನ್ನೆರಡು ಅಡಿ. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಪಾತ್ರೆ ತೊಳೆಯೋ ಸಿಂಕು. ಟೇಪು ಹಿಡಿಯೋದು ಅಳಿಯಂದಿರು. ಆರಡಿ ನಾಲ್ಕಿಂಚು ಇದ್ದಾರಂತೆ. ಇದ್ದಾರಂತೆ ಅಂತ ಯಾಕೆ ಹೇಳಿದೆ ಅಂದರೆ, ಎಷ್ಟು ಸಲ ಮಾತಾಡಿದರೂ ಅವರ ತಲೆ ಪರದೆಯೊಳಗೆ ಬಂದದ್ದೇ ಇಲ್ಲ. ಕುತ್ತಿಗೆಯವರೆಗೆ ಮಾತ್ರ ನಮಗೆ ಪರಿಚಯ.

ನನಗೆ ಒಂದು ಸಂಶಯ ಬಂತು. "ಅಮ್ಮ, ನಿಮಗೇನೋ ಮೂವತ್ತಿಂಚು ಸರಿ. ಆ ಕಡೆ ಸಿಂಕಿನಲ್ಲಿ ಪಾತ್ರೆ ತೊಳೆಯೋರು ಯಾರು?"

ಅಮ್ಮಾವ್ರು ಆ ಕಡೆ ಈ ಕಡೆ ನೋಡಿದರು. ಗುಟ್ಟು ಹೇಳೋ ಹಾಗೆ ನನ್ನ ಕಿವಿ ಹತ್ತಿರ ಬಗ್ಗಿದರು. ಆದರೆ ಧ್ವನಿ ಆರಡಿ ಅಂತ ಮೊದಲೇ ಹೇಳಿದ್ದೀನಲ್ಲ.

"ಅಳಿಯಂದಿರೇ ಪಾತ್ರೆ ತೊಳೀತಾರೆ. ಊರಲ್ಲಿ ಯಾರಿಗೂ ಹೇಳ್ಬೇಡ!"

ಅಂಗಡಿಯಲ್ಲಿದ್ದ ಆರು ಜನವೂ ತಿರುಗಿ ನೋಡಿದರು.

ನಾನು ಮಾತು ಬೇರೆ ಕಡೆ ತಿರುಗಿಸಿ, "ಹಂಗಾದ್ರೆ ಅವರ ಕಡೆ ಸ್ವಲ್ಪ ಎತ್ತರ ಮಾಡೋಣ್ವಾ? ಆರಡಿಯೋರು ಮೂವತ್ತಿಂಚಿಗೆ ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ," ಅಂದೆ.

"ಕಟ್ಟೆ ಅಂದ್ಮೇಲೆ ಒಂದೇ ಮಟ್ಟ ಇರ್ಬೇಕು. ಅಡುಗೆಮನೇಲಿ ಮೆಟ್ಟಿಲು ಮಾಡ್ತೀಯಾ?" ಅಂತ ಗದರಿದರು.

ಮಗಳು ಇದನ್ನು ಗಂಡನಿಗೆ ಅವರ ಭಾಷೆಯಲ್ಲಿ ಹೇಳಿದಳು. ಆ ಕುತ್ತಿಗೆ ಮಗಳ ಹತ್ತಿರ ಏನೋ ಕೇಳಿಕೊಂಡು, ಬಾಯಿಪಾಠ ಮಾಡಿ, ಸ್ಪಷ್ಟವಾಗಿ ಹೇಳಿತು: "ನಾನು ಬಗ್ತೀನಿ, ಅಮ್ಮ."

ಅಮ್ಮಾವ್ರ ಕಣ್ಣು ತುಂಬಿ ಬಂತು. ನನಗೂ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು. ಮುಖ ನೋಡದೇ ಇದ್ದರೆ ಏನಂತೆ.

ಗುಟ್ಟು ಮಾತ್ರ ಉಳೀಲಿಲ್ಲ. ಅವತ್ತು ಸಂಜೆ ಕಳಸದ ಬಸ್ಸಿನಲ್ಲಿ ಮೂರು ಜನ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಹಾಲೆಂಡಿನ ವಿಷಯ ವಿವರಿಸ್ತಾ ಇದ್ದರಂತೆ. ಮಾರನೇ ದಿನ ಆ ಗಂಡಂದಿರಲ್ಲಿ ಒಬ್ಬ ಅಂಗಡಿಗೇ ಬಂದು, "ಇನ್ಮೇಲೆ ಫಾರಿನ್ ಕೆಲಸ ಒಪ್ಕೋಬೇಡಿ," ಅಂತ ಹೇಳಿ ಹೋದ.

ಹುಳ ಇಲ್ಲ ಅಂತ ಬರೆಸಿ

ನನ್ನ ಹತ್ತಿರ ಮರಗೆಲಸಕ್ಕೆ ಒಬ್ಬರು ಆಚಾರಿ ಇದ್ದಾರೆ. ಕೈ ಬಂಗಾರ. ಬಾಯಿ ಬಗ್ಗೆ ಹೇಳೋದು ಬೇಡ. ಅಮ್ಮಾವ್ರು ತಮ್ಮ ತೋಟದ ಹಲಸಿನ ಮರ, ಕೊಯ್ಸಿ ಎಂಟು ವರ್ಷ ಅಟ್ಟದ ಮೇಲೆ ಒಣಗಿಸಿದ್ದು, ಇದಕ್ಕೇ ಅಂತ ಇಳಿಸಿಕೊಟ್ಟರು. ನಾನು ನಕ್ಷೆ ಬರೆದು, ಕೆಳಗೆ ತಿರುಗಿಸಿ ಎತ್ತರ ಸರಿಮಾಡೋ ಪ್ಲಾಸ್ಟಿಕ್ ಕಾಲು ತೋರಿಸಿದೆ. ಈಗ ಎಲ್ಲ ಕಡೆ ಅದೇ.

ಆಚಾರಿ ಆ ಕಾಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಸತ್ತ ಜಿರಳೆ ಎತ್ತಿದ ಹಾಗೆ.

"ಇದರ ಮೇಲೆ ಹಲಸಿನ ಮರ ಕೂರಿಸ್ತೀರಾ? ಸ್ವಾಮಿ, ಮರದ್ದೇ ಪೀಠ ಮಾಡ್ತೀನಿ. ನೆಲ ಅನ್ನೋದು ಯಾವ ಮನೇಲೂ ಮಟ್ಟ ಇರೋದಿಲ್ಲ. ಜಾಗದಲ್ಲೇ ಕೂತು, ರಸಮಟ್ಟ ಇಟ್ಟು, ನೆಲ ಹೆಂಗಿದೆಯೋ ಹಂಗೆ ಪೀಠ ಹೆರೀಬೇಕು. ಮೂವತ್ತು ವರ್ಷದಿಂದ ಹಂಗೇ ಮಾಡಿದ್ದೀನಿ. ಒಂದೇ ಒಂದು ಕಟ್ಟೆ ವಾಲಿದ್ದು ತೋರಿಸಿ."

ತೋರಿಸೋಕೆ ಇರಲಿಲ್ಲ. ಒಪ್ಪಿಕೊಂಡೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಾರ್ಚಲ್ಲಿ ಹಡಗಿನ ವ್ಯವಸ್ಥೆ ವಿಚಾರಿಸೋಕೆ ನಾನೂ ಆಚಾರಿಯೂ ಮಂಗಳೂರಿಗೆ ಹೋದೆವು. ಅಲ್ಲಿನ ಏಜೆಂಟರು, "ಮರದಲ್ಲಿ ಹುಳ ಇಲ್ಲ ಅಂತ ಸರ್ಟಿಫಿಕೇಟ್ ಬೇಕು," ಅಂದರು.

ಆಚಾರಿ ಮುಖ ಕೆಂಪಾಯ್ತು. "ನನ್ನ ಮರದಲ್ಲಿ ಹುಳ ಅಂತೀರಾ?"

"ಇದೆ ಅಂತ ಅಲ್ಲ ಮಾರಾಯ್ರೇ. ಇಲ್ಲ ಅಂತ ಬರೆಸಿ ತರಬೇಕು."

"ಇಲ್ಲದೇ ಇರೋದನ್ನ ಇಲ್ಲ ಅಂತ ಯಾಕೆ ಬರೆಸ್ಬೇಕು?"

ನಾನು ಕಾಲು ತುಳಿದು ಸುಮ್ಮನಿರಿಸಿದೆ. ಏಜೆಂಟರು ಹದಿನೈದು ನಿಮಿಷ ತಾಳ್ಮೆಯಿಂದ ಎಲ್ಲ ವಿವರಿಸಿದರು. ಆಚಾರಿ ಅಷ್ಟು ಹೊತ್ತೂ ತಲೆ ಬಗ್ಗಿಸಿ ನೆಲ ನೋಡ್ತಾ ಇದ್ದರು. ಪಾಪ, ಬೇಜಾರಾಗಿದೆ ಅಂದುಕೊಂಡೆ. ಹೊರಡೋವಾಗ ಅವರು ಬಗ್ಗಿ, ಏಜೆಂಟರ ಮೇಜಿನ ಕಾಲಿನ ಬುಡದಿಂದ ಬೆರಳಲ್ಲಿ ಒಂದಿಷ್ಟು ಹಳದಿ ಹಿಟ್ಟು ಎತ್ತಿ ಅವರ ರಿಜಿಸ್ಟರ್ ಮೇಲೆ ಉದುರಿಸಿದರು.

"ನಮ್ಮದಕ್ಕೆ ಮಾಡಿಸ್ತೀವಿ ಸಾರ್. ಹಂಗೇ ಈ ಮೇಜಿಗೂ ಒಂದು ಮಾಡಿಸಿಬಿಡಿ, ಕೊರೀತಾ ಇದೆ."

ಪಾಲಾಯಿತಂತೆ

ಏಪ್ರಿಲ್‌ಗೆ ಎಲ್ಲ ತಯಾರಾಯ್ತು. ಅಮ್ಮಾವ್ರು ಹೊಸ ಶರತ್ತು ಹಾಕಿದರು: "ಒಂದು ಸಲ ಪೂರ್ತಿ ಜೋಡಿಸಿ, ನಾನು ಅದರಲ್ಲಿ ಅಡುಗೆ ಮಾಡಿ ನೋಡ್ದೆ ಹಡಗು ಹತ್ತಿಸೋ ಹಾಗಿಲ್ಲ."

ಹನ್ನೆರಡು ಅಡಿ ಉದ್ದದ್ದನ್ನು ಎಲ್ಲಿ ಜೋಡಿಸೋದು? ಅವರ ಮನೆ ಮುಂದೆ ಕಾಫಿ ಕಣ ಇದೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಹರವಿ ಒಣಗಿಸೋ ದೊಡ್ಡ ಸಿಮೆಂಟಿನ ಅಂಗಳ. ಅವರ ಮಾವ ಕಟ್ಟಿಸಿದ್ದು. ಆ ವರ್ಷದ ಕಾಫಿಯೆಲ್ಲ ಹದ ಮಾಡೋ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಕಣ ಖಾಲಿ ಬಿದ್ದಿತ್ತು. ಆಚಾರಿ ಅಲ್ಲೇ ಎರಡು ದಿನ ಕೂತು, ರಸಮಟ್ಟ ಇಟ್ಟು, ಪೀಠ ಹೆರೆದು, ಹನ್ನೆರಡು ಅಡಿ ಕಟ್ಟೆಯನ್ನು ನೀರು ನಿಂತ ಹಾಗೆ ಮಟ್ಟವಾಗಿ ಕೂರಿಸಿದರು. ಒಲೆಯ ತುದಿ ಮನೆ ಕಡೆ, ಸಿಂಕಿನ ತುದಿ ಚರಂಡಿ ಕಡೆ.

ಶುಕ್ರವಾರ ಒಳ್ಳೆಯ ದಿನ ಅಂತ ಅಮ್ಮಾವ್ರು ಒಲೆ ಮೇಲೆ ಹಾಲು ಉಕ್ಕಿಸಿದರು. ಸಿಂಕಿಗೆ ನೀರಿನ ಪೈಪು ಇರಲಿಲ್ಲ, ಹಾಗಾಗಿ ಆ ಕಡೆ ಯಾರೂ ಸುಳೀಲಿಲ್ಲ. ಒಲೆ ಹತ್ತಿರ ನಿಂತು ಸೌಟು ಆಡಿಸಿ, "ನನಗೆ ಅಂತಲೇ ಹುಟ್ಟಿದ ಹಾಗಿದೆ," ಅಂದರು. ನಾನೂ ಅಳೆದೆ. ಮೂವತ್ತಿಂಚು, ಕೂದಲೆಳೆ ವ್ಯತ್ಯಾಸ ಇಲ್ಲ. ಆಚಾರಿ ಮೀಸೆ ತಿರುವಿದರು.

ಆದರೆ ದಾರಿಯಲ್ಲಿ ಹೋಗೋರ ಕಣ್ಣಿಗೆ ಇದು ಹೇಗೆ ಕಾಣಬೇಕು? ಗೋಡೆ ಇಲ್ಲ, ಮಾಡು ಇಲ್ಲ, ಬಯಲಲ್ಲಿ ಹೊಸ ಅಡುಗೆಮನೆ, ಅದರಲ್ಲಿ ಮನೆಯ ಹಿರಿಯಮ್ಮ ಒಬ್ಬರೇ ರೊಟ್ಟಿ ತಟ್ತಾ ಇದ್ದಾರೆ. ಒಂದೇ ಮನೇಲಿ ಎರಡನೇ ಒಲೆ ಹತ್ತಿತು ಅಂದರೆ ನಮ್ಮ ಕಡೆ ಅದಕ್ಕೆ ಇರೋದು ಒಂದೇ ಅರ್ಥ. ಮಧ್ಯಾಹ್ನದೊಳಗೆ ಕಳಸದವರೆಗೂ ಸುದ್ದಿ ಹೋಯ್ತು. ಅತ್ತೆ ಸೊಸೆಗೆ ಜಗಳ ಆಗಿ ಪಾಲಾಯಿತಂತೆ, ಅತ್ತೆಗೆ ಕಣ ಬಂತಂತೆ.

ಒಂದೂವರೆಗೆ ಕಳಸದಿಂದ ಅಮ್ಮಾವ್ರ ಅಣ್ಣ, ಎಪ್ಪತ್ತೈದು ವರ್ಷದವರು, ಜೊತೆಗೆ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಜೀಪಲ್ಲಿ ಬಂದಿಳಿದರು. ಪಂಚಾಯ್ತಿ ಮಾಡೋಕೆ. ಇಳಿದವರೇ ಗುಡುಗಿದರು.

"ಈ ವಯಸ್ಸಲ್ಲಿ ಬೇರೆ ಒಲೆಯಾ? ಮರ್ಯಾದೆ ಬೇಡ್ವಾ? ಎಲ್ಲಿ ನಿನ್ನ ಸೊಸೆ, ಕರಿ!"

ಸೊಸೆ ಅಲ್ಲೇ ಕಟ್ಟೆ ಪಕ್ಕದಲ್ಲಿ ಎಳೆ ಹಲಸಿನಕಾಯಿ ಹೆಚ್ಚುತ್ತಾ ನಿಂತಿದ್ದಳು. "ಇಲ್ಲೇ ಇದ್ದೀನಿ ಮಾವ," ಅಂದಳು.

"ನೀನೂ ಇಲ್ಲೇ ಇದ್ರೆ ಜಗಳ ಯಾರಿಗೆ? ಇದು ಯಾರ ಮನೆ ಅಡುಗೆಮನೆ?"

ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಮುಂದೆ ಬಂದು ಕೈ ಕಟ್ಟಿಕೊಂಡು ಹೇಳಿದರು: "ಮನೆ ಹಾಲೆಂಡಲ್ಲಿದೆ ಸಾರ್. ಅಡುಗೆಮನೆ ಮಾತ್ರ ಇಲ್ಲಿದೆ."

ಇದನ್ನು ಅವರಿಗೆ ಅರ್ಥ ಮಾಡಿಸೋ ಹೊತ್ತಿಗೆ ಅಕ್ಕಿರೊಟ್ಟಿ ಬಿಸಿ ಬಿಸಿ ಆಗಿತ್ತು. ಪಂಚಾಯ್ತಿಯೋರು ಮೂರೂ ಜನ ಕಣದಲ್ಲೇ ಊಟಕ್ಕೆ ಕೂತರು. ಅಣ್ಣ ಏಳು ರೊಟ್ಟಿ ತಿಂದು, ಕೈ ತೊಳೆದು, ಗಂಭೀರವಾಗಿ ತೀರ್ಪು ಕೊಟ್ಟರು: "ಪಾಲಾದ್ರೂ ಅಡ್ಡಿಲ್ಲ. ಆದ್ರೆ ನಾನು ಈ ಕಡೆ ಒಲೆಗೇ ಸೇರ್ತೀನಿ."

ಇದು ಅದರ ಪಕ್ಕ

ಬಿಚ್ಚಿ, ಮರದ ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿಗೆ ಹಾಕಿದೆವು. ಅದು ಎಲ್ಲೆಲ್ಲೋ ನಿಂತು, ಕಾಯ್ದು, ಆಗಸ್ಟಿನಲ್ಲಿ ಹಾಲೆಂಡ್ ಮುಟ್ಟಿತು. ಅಮ್ಮಾವ್ರ ವಿಮಾನಕ್ಕೆ ಹತ್ತೇ ದಿನ ಉಳಿದಿತ್ತು. ಆಚಾರಿ ಪ್ರತಿ ಹಲಗೆಯ ಹಿಂದೆಯೂ ಎಲ್ಲಿ ಕೂರಿಸಬೇಕು ಅಂತ ಪೆನ್ಸಿಲಲ್ಲಿ ಬರೆದಿದ್ದೀನಿ ಅಂದಿದ್ದರು. ನಾನು ನಂಬಿ ನೋಡದೇ ಬಿಟ್ಟಿದ್ದೆ. ನನ್ನ ತಪ್ಪು.

ಅಳಿಯಂದಿರು ರಜೆ ಹಾಕಿ ಜೋಡಿಸೋಕೆ ಕೂತರು. ತುಂಬು ಬಸುರಿ ಮಗಳು ಕುರ್ಚಿ ಹಾಕಿಕೊಂಡು ಹಲಗೆ ಹಿಂದಿನ ಬರಹ ಓದೋದು. ಈ ಕಡೆ ಅಂಗಡಿಯಲ್ಲಿ ನಾನೂ ಆಚಾರಿಯೂ ಫೋನ್ ಮುಂದೆ.

"ಇದರ ಮೇಲೆ, 'ಇದು ಅದರ ಪಕ್ಕ' ಅಂತ ಬರೆದಿದೆ ಅಂಕಲ್," ಅಂದಳು.

ನಾನು ಆಚಾರಿ ಮುಖ ನೋಡಿದೆ. "ಯಾವುದರ ಪಕ್ಕ?"

"ಅದೇ, ಅದರ ಪಕ್ಕ. ಅದರ ಮೇಲೂ ಬರೆದಿದ್ದೀನಿ. ನೋಡೋಕೆ ಹೇಳಿ."

ಅವಳು ಇನ್ನೊಂದು ಹಲಗೆ ತಿರುಗಿಸಿದಳು. "ಇದರ ಮೇಲೆ, 'ಇದು ಆಗಲೇ ಹೇಳಿದ್ದರ ಪಕ್ಕ' ಅಂತಿದೆ."

ನನ್ನ ಮೈಯೆಲ್ಲ ಉರಿದುಹೋಯ್ತು. "ಒಂದು, ಎರಡು ಅಂತ ನಂಬರ್ ಹಾಕೋಕೆ ನಿಮಗೆ ಏನು ಕಷ್ಟ ಆಗಿತ್ತು?" ಅಂತ ಕೂಗಿದೆ.

"ನಂಬರ್ ಹಾಕಿದ್ರೆ ಯಾರು ಬೇಕಾದ್ರೂ ಜೋಡಿಸಿಬಿಡ್ತಾರೆ," ಅಂದರು ಆಚಾರಿ ಸಮಾಧಾನವಾಗಿ.

ಅಳಿಯಂದಿರು ಪಾಪ, ಒಂದು ಮಾತಾಡದೆ ಎರಡು ದಿನ ಹಲಗೆ ತಿರುವಿ ತಿರುವಿ ಜೋಡಿಸಿದರು. ಕೊನೆಗೆ ಒಂದೇ ಒಂದು ಹಲಗೆ ಉಳೀತು. ಮಗಳು ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು: "'ಇದು ಎಲ್ಲಿಗೆ ಅಂತ ಆಮೇಲೆ ಹೇಳ್ತೀನಿ.'"

ಉರುಳಿದ ನಿಂಬೆಹಣ್ಣು

ಅಂತೂ ಆಯ್ತಲ್ಲ ಅಂತ ನಾನು ಕಾಫಿ ತರಿಸಿದೆ. ಅಷ್ಟರಲ್ಲಿ ಮತ್ತೆ ಫೋನು.

"ಅಂಕಲ್, ಒಂದು ನೋಡಿ," ಅಂತ ಮಗಳು ಸಿಂಕಿನ ತುದಿಯಲ್ಲಿ ಕಟ್ಟೆ ಮೇಲೆ ಒಂದು ನಿಂಬೆಹಣ್ಣು ಇಟ್ಟಳು. ಅದು ಒಂದು ಗಳಿಗೆ ನಿಂತಿತ್ತು. ಆಮೇಲೆ ಹೊರಟಿತು. ಹನ್ನೆರಡು ಅಡಿಯನ್ನೂ ಉರುಳಿಕೊಂಡು ಹೋಗಿ ಒಲೆಗೆ ಬಡಿದು ನಿಂತಿತು.

ನನ್ನ ಕೈಲಿದ್ದ ಲೋಟ ಹಾಗೇ ಉಳೀತು. ಕಟ್ಟೆ ವಾಲಿತ್ತು. ಸ್ವಲ್ಪ ಗಿಲ್ಪ ಅಲ್ಲ, ಸರಿಯಾಗಿ ವಾಲಿತ್ತು.

ಆಚಾರಿ ಫೋನಿಗೆ ಮುಖ ಹತ್ತಿರ ತಂದು ದಿಟ್ಟಿಸಿ ನೋಡಿದರು. "ನನ್ನ ಕಟ್ಟೆ ಸರಿ ಇದೆ ಸ್ವಾಮಿ. ಅವರ ದೇಶಾನೇ ಸಮುದ್ರಕ್ಕಿಂತ ಕೆಳಗಿದೆಯಂತೆ. ವಾಲದೇ ಇರುತ್ತಾ?"

ಫೋನಿಟ್ಟು ಇಬ್ಬರೂ ಜೀಪು ಹತ್ತಿದೆವು. ಅಮ್ಮಾವ್ರಿಗೆ ಹೇಳಲೇಬೇಕಿತ್ತು. ಏನಂತ ಹೇಳೋದು? ಇಷ್ಟು ತಿಂಗಳು ಒಂದು ಒಲೆಗೋಸ್ಕರ ಕಾದ ಹೆಂಗಸು. ಕಟ್ಟೆ ಹಾಳಾಗಿದೆ ಅಂದರೆ ಅವರು ವಿಮಾನ ಹತ್ತೋದಿಲ್ಲ, ಹಟ ಗೊತ್ತಿದೆ. ಮಗಳು ಅಲ್ಲಿ ತಾಯಿ ಇಲ್ಲದೆ ಹೆರಬೇಕು, ನನ್ನ ಅಂಗಡಿಯಿಂದಾಗಿ.

ಎಸ್ಟೇಟ್ ಮುಟ್ಟಿದಾಗ ಆಗಸ್ಟಿನ ಮಳೆ ಜೋರಾಗಿ ಹೊಯ್ತಾ ಇತ್ತು. ಜೀಪಿಂದ ಇಳಿದು ಕಣದ ಅಂಚಿನಲ್ಲಿ ಕಾಲಿಟ್ಟವರು ಇಬ್ಬರೂ ಅಲ್ಲೇ ನಿಂತೆವು. ಕಣದ ಮೇಲೆ ಬಿದ್ದ ಅಷ್ಟೂ ನೀರು ಒಂದು ಹನಿ ನಿಲ್ಲದೆ ಮನೆ ಕಡೆಯಿಂದ ಚರಂಡಿ ಕಡೆಗೆ ಹರೀತಾ ಇತ್ತು. ಹರೀಲೇಬೇಕಲ್ಲ! ಕಾಫಿ ನೆನೆಯಬಾರದು ಅಂತ ಕಣ ಕಟ್ಟಿಸೋರು ಅದಕ್ಕೆ ಇಳಿಜಾರು ಇಟ್ಟೇ ಕಟ್ಟಿಸೋದು. ಮಲೆನಾಡಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಅದು ಗೊತ್ತು. ಆ ಇಳಿಜಾರಿಗೆ ಹೊಂದಿಸಿ ಆಚಾರಿ ಪೀಠ ಹೆರೆದಿದ್ದರು. ಮೇಲ್ಗಡೆ ಇದ್ದ ಒಲೆ ತುದಿಗೆ ಗಿಡ್ಡ ಪೀಠ, ಕೆಳಗಡೆ ಇದ್ದ ಸಿಂಕ್ ತುದಿಗೆ ಎತ್ತರದ ಪೀಠ. ಕಣದಲ್ಲಿ ಅದು ಮಟ್ಟ. ಹಾಲೆಂಡಿನ ಚಪ್ಪಟೆ ನೆಲದಲ್ಲಿ ಜಾರುಬಂಡಿ.

"ಛೆ," ಅಂದರು ಆಚಾರಿ. ನಾನು ಕಂಡಂತೆ ಅವರ ಬಾಯಿಂದ ಆ ಶಬ್ದ ಬಂದದ್ದು ಅದೇ ಮೊದಲು.

ಒಳಗೆ ಹೋದರೆ ಅಮ್ಮಾವ್ರು ಆಗಲೇ ಮಗಳ ಜೊತೆ ಫೋನಲ್ಲಿದ್ದರು. ನಮ್ಮ ಕಡೆ ಒಂದು ಸಲ ನೋಡಿ, ಕೂರಿ ಅಂತ ಕೈಸನ್ನೆ ಮಾಡಿದರು. ಕೂತೆವು, ತಪ್ಪು ಮಾಡಿ ಹೆಡ್‌ಮಾಸ್ಟರ್ ಮುಂದೆ ಕೂತವರ ಹಾಗೆ.

"ಒಲೆ ಹತ್ರ ಅಳತೆ ಹಿಡಿ," ಅಂದರು ಮಗಳಿಗೆ.

"ಮೂವತ್ತಿಂಚು ಅಮ್ಮ."

"ಸರಿಯಾಗಿ?"

"ಸರಿಯಾಗಿ."

"ಅಳಿಯಂದಿರು ಪಾತ್ರೆ ತೊಳಿಯೋ ಹತ್ರ?"

"ಮೂವತ್ನಾಲ್ಕು."

"ಅವರನ್ನ ಅಲ್ಲಿ ನಿಲ್ಲಿಸು, ನೋಡೋಣ."

ಅಳಿಯಂದಿರು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯೋ ಹಾಗೆ ಕೈ ಆಡಿಸಿದರು. ಅವರಿಗೆ ಬರ್ತಿದ್ದ ಕನ್ನಡ ಅದೊಂದೇ. "ನಾನು ಬಗ್ತೀನಿ, ಅಮ್ಮ," ಅಂದರು. ಅಂದು, ಇಲ್ಲ ಇಲ್ಲ ಅಂತ ಕೈ ಅಲ್ಲಾಡಿಸಿ, ಬೆನ್ನು ನೆಟ್ಟಗೆ ಮಾಡಿ ತೋರಿಸಿದರು.

ಅಮ್ಮಾವ್ರು ಫೋನ್ ಕೆಳಗಿಟ್ಟು ಸೆರಗಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ನಮ್ಮ ಕಡೆ ತಿರುಗಿದರು. "ಒಂದೇ ಮಟ್ಟ ಇರ್ಬೇಕು ಅಂತ ನಾನು ಹಟ ಮಾಡಿದ್ದೆ. ಪಾಪ ಅವರ ಸೊಂಟದ ಯೋಚನೆ ನನಗೆ ಬರ್ಲೇ ಇಲ್ಲ. ಇದು ಯಾರ ತಲೆಗೆ ಹೊಳೆದದ್ದು?"

ನಾನು ನಿಜ ಹೇಳೋಕೆ ಬಾಯಿ ತೆರೆದೆ. ಆಚಾರಿ ಮೇಜಿನ ಕೆಳಗಿಂದ ನನ್ನ ತೊಡೆ ಚಿವುಟಿ, ಎದ್ದು ನಿಂತು ಕೈ ಮುಗಿದರು: "ನನ್ನದೇ ಡಿಸೈನ್ ಅಮ್ಮ. ಮೊದಲೇ ಹೇಳಿದ್ರೆ ನೀವು ಬೇಡ ಅಂತಿದ್ರಿ."

ನನ್ನದೇ ಡಿಸೈನ್

ಅಮ್ಮಾವ್ರು ಹೋದರು. ಮಗಳಿಗೆ ಹೆಣ್ಣು ಮಗು. ಸೆಪ್ಟೆಂಬರಿಂದ ಡಿಸೆಂಬರ್‌ವರೆಗೆ ಪೂರ್ತಿ ಮೂರು ತಿಂಗಳು ಇದ್ದು ಬಂದರು. ಬಂದ ಮೂರನೇ ದಿನ ಸೀದಾ ನಮ್ಮ ಅಂಗಡಿಗೆ ಬಂದು, ಅದೇ ಕುರ್ಚಿಯಲ್ಲಿ ಕೂತರು. ಮುಖದಲ್ಲಿ ಹೊಸ ಕಳೆ.

"ಅಳಿಯಂದಿರು ಆ ತುದೀಲಿ ತರಕಾರಿ ತೊಳೆದು ಹಾಗೇ ಬಿಡ್ತಾರೆ ಮಾರಾಯ. ಆಲೂಗಡ್ಡೆ, ಈರುಳ್ಳಿ, ಟೊಮೇಟೊ ಒಂದೊಂದಾಗಿ ಉರುಳಿಕೊಂಡು ನನ್ನ ಹತ್ರ ಬರ್ತಾವೆ. ನಾನು ಹಿಡಿದು ಹೆಚ್ಚೋದು. ಕೊಡಿ, ತಗೊಳ್ಳಿ ಅನ್ನೋಕೆ ಭಾಷೆಯೇ ಬೇಕಾಗಿಲ್ಲ. ದೋಸೆ ಹಾಕಿದ್ರೆ ಒಂದು ಕಡೆ ತೆಳ್ಳಗೆ ಗರಿಗರಿ, ಒಂದು ಕಡೆ ದಪ್ಪ ಮೆತ್ತಗೆ. ಅವರಿಗೆ ಗರಿ ಇಷ್ಟ, ಮಗಳಿಗೆ ಮೆತ್ತಗಿನದು. ಒಂದೇ ದೋಸೇಲಿ ಇಬ್ಬರ ಜಗಳ ಮುಗೀತು."

ಆಮೇಲೆ ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಂಡರು.

"ಮಗು ಹುಟ್ಟಿ ಮನೆಗೆ ಬಂದ ದಿನ ಬೆಳಿಗ್ಗೆ ಎದ್ದು ಮಗಳಿಗೆ ಕಾಫಿ ಮಾಡಿಕೊಟ್ಟೆ. ನನ್ನ ಕೈಯಾರೆ. ಸ್ಟೂಲ್ ಇಲ್ದೆ. ಅವಳು ಲೋಟ ಹಿಡ್ಕೊಂಡು ಅತ್ತಳು. ಈ ಸಲ ಆ ಮನೇಲಿ ನಾನು ನೆಂಟಳಾಗಿರ್ಲಿಲ್ಲ." ಇಷ್ಟು ಹೇಳುವಾಗ ಆ ಆರಡಿ ಧ್ವನಿಯೂ ಸ್ವಲ್ಪ ನಡುಗಿತು.

"ಈಗ ಬಂದದ್ದು ಬೇರೆ ಕೆಲಸಕ್ಕೆ," ಅಂತ ಅವರೇ ಸುಧಾರಿಸಿಕೊಂಡು ಮುಂದುವರಿಸಿದರು. "ಮಗಳ ಪಕ್ಕದ ಮನೇಲಿ ಒಂದು ಜೋಡಿ. ಅವನು ಉದ್ದ, ಅವಳು ಗಿಡ್ಡ. ನಮ್ಮ ಅಡುಗೆಮನೆ ನೋಡಿ ಮನಸೋತುಬಿಟ್ರು. ಇಂಥದ್ದೇ ಬೇಕಂತೆ. ನಾಲ್ಕಿಂಚು ವಾಲಿರೋದು."

ಕೆಲಸ ಮಾಡ್ತಾ ಕಿವಿ ಇಲ್ಲೇ ಇಟ್ಟಿದ್ದ ಆಚಾರಿ ಉಳಿ ಕೆಳಗಿಟ್ಟು, ಹೆಗಲ ಮೇಲಿನ ಹೊಟ್ಟು ಕೊಡವಿಕೊಂಡು ಎದೆ ಸೆಟೆಸಿ ಬಂದರು.

"ನಾಳೆಯಿಂದಲೇ ಶುರು ಮಾಡ್ತೀನಿ ಅಮ್ಮ! ಡಿಸೈನ್ ಪೂರ್ತಿ ನನ್ನ ತಲೇಲೇ ಇದೆ."

ಅಮ್ಮಾವ್ರು ಅವರನ್ನು ಕಾಲಿಂದ ತಲೆವರೆಗೆ ಒಂದು ಸಲ ನೋಡಿದರು. ನಲವತ್ತೈದು ವರ್ಷ ಆ ಕಣದ ಮೇಲೆ ಕಾಫಿ ಹರವಿದ ಹೆಂಗಸು ಅದು. ಎದ್ದು ಸೆರಗು ಸರಿಮಾಡಿಕೊಂಡು ಜೀಪಿನ ಕಡೆ ಹೊರಟರು.

"ನಾಳೆ ಆಗಲ್ಲ ಮಾರಾಯ," ಅಂದರು ಹೋಗ್ತಾ ಹೋಗ್ತಾ. "ನಿನ್ನ ಡಿಸೈನ್ ಮೇಲೆ ಈಗ ಪಾರ್ಚ್‌ಮೆಂಟ್ ಒಣಗ್ತಾ ಇದೆ. ಫೆಬ್ರವರಿ ಕಳೀಲಿ."